ಕಾಲು ಓಡುತ್ತದೆ, ತಲೆ ಓಡುವುದಿಲ್ಲ: ಫುಟ್‌ಬಾಲ್ ಆಟಗಾರರ ಮಾನಸಿಕ ದಣಿವಿಗೆ ಯಾವ ಸಪ್ಲಿಮೆಂಟ್, ಎಷ್ಟು, ಯಾವಾಗ

ಪಂದ್ಯದ 78ನೇ ನಿಮಿಷ. ಮಿಡ್‌ಫೀಲ್ಡರ್ ಕಾಲಿಗೆ ಚೆಂಡು ಬಂತು. ಬಲಗಡೆ ವಿಂಗರ್ ಖಾಲಿ ಜಾಗದಲ್ಲಿ ಕೈ ಎತ್ತಿ ನಿಂತಿದ್ದಾನೆ. ಮೊದಲಾರ್ಧದಲ್ಲಿ ಆಗಿದ್ದರೆ ಚೆಂಡು ಬರುವ ಮುಂಚೆಯೇ ಒಮ್ಮೆ ಹಿಂದೆ ತಿರುಗಿ ನೋಡಿಕೊಂಡು, ಒಂದೇ ಟಚ್‌ನಲ್ಲಿ ಅತ್ತ ಕಳಿಸಿಬಿಡುತ್ತಿದ್ದ. ಈಗ ಚೆಂಡು ನಿಲ್ಲಿಸಿದ, ತಲೆ ಎತ್ತಿದ, ಇನ್ನೊಂದು ಟಚ್ ತೆಗೆದುಕೊಂಡ. ಅಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಾಗಿತ್ತು. ಜಿಪಿಎಸ್ ವೆಸ್ಟ್‌ನ ಲೆಕ್ಕ ತೆಗೆದು ನೋಡಿದರೆ ಓಟದಲ್ಲಿ ಏನೂ ಕೊರತೆಯಿಲ್ಲ. ಕಾಲು ಓಡುತ್ತಿದೆ, ತಲೆ ಓಡುತ್ತಿಲ್ಲ.

ಇದು ಸೋಮಾರಿತನ ಅಲ್ಲ, ಮಾನಸಿಕ ದಣಿವು. ಬಹಳ ಹೊತ್ತು ಗಮನ ಕೊಟ್ಟು ಯೋಚನೆ ಮಾಡಿದ ಮೇಲೆ ಬರುವ ಸುಸ್ತು. 2009ರಲ್ಲಿ ಸ್ಯಾಮುಯೆಲ್ ಮಾರ್ಕೋರಾ ಮತ್ತು ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದರು. 16 ಜನರಿಗೆ ಒಂದು ದಿನ 90 ನಿಮಿಷ ಕಂಪ್ಯೂಟರ್ ಮುಂದೆ ತಲೆ ತಿನ್ನುವ ಕೆಲಸ, ಇನ್ನೊಂದು ದಿನ ಸುಮ್ನೆ ಡಾಕ್ಯುಮೆಂಟರಿ ನೋಡುವ ಕೆಲಸ. ಆಮೇಲೆ ಎರಡೂ ದಿನ ಸುಸ್ತಾಗುವ ತನಕ ಸೈಕಲ್ ತುಳಿಸಿದರು. ಡಾಕ್ಯುಮೆಂಟರಿ ನೋಡಿದ ದಿನ ಸರಾಸರಿ 754 ಸೆಕೆಂಡ್ ತುಳಿದರು. ತಲೆ ದಣಿದ ದಿನ 640 ಸೆಕೆಂಡ್ ಅಷ್ಟೇ. ಹೃದಯ, ಸ್ನಾಯು ಎರಡೂ ಚೆನ್ನಾಗಿಯೇ ಇದ್ದವು. ಅದೇ ಕೆಲಸ ಜಾಸ್ತಿ ಕಷ್ಟ ಅನ್ನಿಸಿತು, ಅದಕ್ಕೇ ಬೇಗ ಬಿಟ್ಟರು. 2016ರಲ್ಲಿ ಮಿಚೆಲ್ ಸ್ಮಿತ್ ಮತ್ತು ಸಂಗಡಿಗರು ಇದನ್ನೇ ಫುಟ್‌ಬಾಲ್ ಆಟಗಾರರ ಮೇಲೆ ನೋಡಿದರು. ಬರೀ 30 ನಿಮಿಷದ ತಲೆಕೆಲಸ ಸಾಕಾಯಿತು. ಯೋ-ಯೋ ಟೆಸ್ಟ್‌ನಲ್ಲಿ (ಬೀಪ್ ಸದ್ದಿಗೆ ತಕ್ಕಂತೆ ಹೆಚ್ಚುತ್ತಾ ಹೋಗುವ ವೇಗದಲ್ಲಿ ಹಿಂದೆ ಮುಂದೆ ಓಡಿಸುವ ಪರೀಕ್ಷೆ) ಓಡಿದ ದೂರ ಕಡಿಮೆಯಾಯಿತು, ಪಾಸ್‌ನಲ್ಲಿ ತಪ್ಪು ಹೆಚ್ಚಿತು, ಶಾಟ್‌ನ ವೇಗವೂ ಗುರಿಯೂ ಕೆಟ್ಟವು.

ಇದಕ್ಕೆ ಡಬ್ಬಿಯಲ್ಲಿ ಪರಿಹಾರ ಇದೆಯಾ? ಸ್ವಲ್ಪ ಮಟ್ಟಿಗೆ ಇದೆ. ಆದರೆ ನಾವು ಅಂದುಕೊಂಡಷ್ಟಿಲ್ಲ, ಅದೂ ಪುಕ್ಕಟೆ ಅಲ್ಲ. ಆಟಗಾರರಿಗೆ, ಅವರ ಜೊತೆ ಕೆಲಸ ಮಾಡುವ ಫಿಸಿಯೋ, ಟ್ರೇನರ್‌ಗಳಿಗೆ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ನಡುವೆ ಒಂದು ಹೆಜ್ಜೆ ಹಾರಿಸಿದರೆ ಮುಂದಿನದು ಕೆಲಸ ಮಾಡುವುದಿಲ್ಲ.

ಹೆಜ್ಜೆ 1: ದಣಿದಿರುವುದು ತಲೆಯಾ, ಮೈಯಾ ಅಂತ ನೋಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ದಿನಕ್ಕೊಂದು 10 ಸೆಂಟಿಮೀಟರ್ ಗೆರೆ ಎಳೆಯಿರಿ. ಎಡತುದಿ ಅಂದರೆ ತಲೆ ಹಗುರ, ಬಲತುದಿ ಅಂದರೆ ಒಂದು ಮಾತು ಕೇಳಿಸಿಕೊಳ್ಳುವುದಕ್ಕೂ ಆಗದಷ್ಟು ದಣಿವು. ಬೆಳಗ್ಗೆ ಎದ್ದಾಗ ಒಮ್ಮೆ, ಟ್ರೇನಿಂಗ್ ಅಥವಾ ಪಂದ್ಯದ ಮುಂಚೆ ಒಮ್ಮೆ ಆ ಗೆರೆಯ ಮೇಲೆ ಗುರುತು ಹಾಕಿ. ಪಕ್ಕದಲ್ಲಿ ಎಷ್ಟು ಗಂಟೆ ನಿದ್ದೆ ಆಯಿತು, ಕಾಲು ಎಷ್ಟು ಭಾರ ಇದೆ ಅಂತ ಬರೆಯಿರಿ. ಸಂಶೋಧಕರು ಬಳಸುವುದೂ ಇಂಥದೇ ಗೆರೆಯನ್ನು, ಹಾಗಾಗಿ ಇದನ್ನು ಮಕ್ಕಳಾಟ ಅಂದುಕೊಳ್ಳಬೇಡಿ.

ಎರಡು ವಾರ ಬರೆದರೆ ಸಾಕು, ಒಂದು ಚಿತ್ರ ಕಾಣುತ್ತದೆ. ಕಾಲು ಭಾರ, ತಲೆ ಹಗುರ ಇದ್ದರೆ ಅದು ಟ್ರೇನಿಂಗ್ ಹೊರೆಯ ಮಾತು, ಕೋಚ್ ಜೊತೆ ಮಾತಾಡಿ. ಕಾಲು ಹಗುರ, ತಲೆ ಭಾರ ಇದ್ದರೆ ಮುಂದೆ ಓದಿ.

ಭಾರ ಎಲ್ಲಿಂದ ಬರುತ್ತಿದೆ ಅನ್ನುವುದನ್ನೂ ಬರೆಯಿರಿ. ಒಂದು ಗಂಟೆಯ ವಿಡಿಯೋ ಮೀಟಿಂಗ್, ಉದ್ದ ಪ್ರಯಾಣ, ಕಾಂಟ್ರಾಕ್ಟ್ ಮಾತುಕತೆ, ಮನೆಯಲ್ಲಿ ಅಳುವ ಪಾಪು, ಗಾಯದಿಂದ ಈಚೆಗಷ್ಟೇ ವಾಪಸು ಬಂದ ಭಯ. ಎಲ್ಲಕ್ಕಿಂತ ಮೊದಲು ಫೋನ್ ನೋಡಿ. ಬ್ರೆಜಿಲ್‌ನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಪಂದ್ಯಕ್ಕೆ ಮುಂಚೆ 30 ಅಥವಾ 45 ನಿಮಿಷ ಫೋನ್ ಆ್ಯಪ್ ನೋಡಿದ ಆಟಗಾರರು ಯಾರಿಗೆ ಪಾಸ್ ಕೊಡಬೇಕು ಅನ್ನುವ ನಿರ್ಧಾರದಲ್ಲಿ ಜಾಸ್ತಿ ಎಡವಿದರು. 15 ನಿಮಿಷ ನೋಡಿದವರಿಗೆ ಅಂಥ ತೊಂದರೆ ಆಗಲಿಲ್ಲ. ಬಸ್ಸಿನಲ್ಲಿ ಅರ್ಧ ಗಂಟೆ ಕಾಮೆಂಟ್ ಓದಿ, ಆಮೇಲೆ ಮೈದಾನಕ್ಕೆ ಇಳಿಯುವ ಮುಂಚೆ ಕೆಫೀನ್ ಮಾತ್ರೆ ನುಂಗುವುದು ಅಂದರೆ ಒಂದು ಕೈಯಲ್ಲಿ ತೂತು ಕೊರೆದು ಇನ್ನೊಂದು ಕೈಯಲ್ಲಿ ನೀರು ತುಂಬಿದ ಹಾಗೆ. ಫೋನ್ ಒಳಗಿಡಿ, ಅದಕ್ಕೆ ದುಡ್ಡು ಬೇಕಾಗಿಲ್ಲ.

ಹೆಜ್ಜೆ 2: ಊಟ, ನೀರು, ನಿದ್ದೆ, ರಕ್ತ

ಇಲ್ಲಿ ಬೇಗ ಮುಗಿಸುತ್ತೇನೆ, ಏಕೆಂದರೆ ಇದನ್ನು ಎಲ್ಲರೂ ಕೇಳಿದ್ದಾರೆ. ಪಂದ್ಯದ ಹಿಂದಿನ ದಿನ, ಪಂದ್ಯದ ದಿನ, ಮರುದಿನ, ಈ ಮೂರೂ ದಿನ ದೇಹದ ತೂಕದ ಪ್ರತಿ ಕೆಜಿಗೆ 6ರಿಂದ 8 ಗ್ರಾಂ ಕಾರ್ಬೋಹೈಡ್ರೇಟ್ ಬೇಕು ಅನ್ನುತ್ತದೆ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ತಜ್ಞರ ತಂಡದ ಸಲಹೆ. 75 ಕೆಜಿ ಆಟಗಾರನಿಗೆ ಅದು 450ರಿಂದ 600 ಗ್ರಾಂ. ತೂಕ ಏರಬಾರದು ಅಂತ ಹೆದರಿ ಅರ್ಧ ಹೊಟ್ಟೆ ಉಣ್ಣುವವರು ತಂಡಕ್ಕೆ ಒಬ್ಬಿಬ್ಬರಾದರೂ ಇರುತ್ತಾರೆ. ತಲೆ ಓಡುತ್ತಿಲ್ಲ ಅನ್ನುವವರೂ ಎಷ್ಟೋ ಸಲ ಅವರೇ. ಬೆವರಿನಲ್ಲಿ ತೂಕದ 2 ಶೇಕಡಕ್ಕಿಂತ ಹೆಚ್ಚು ಇಳಿದರೆ ಗಮನವೂ ಜಾರುತ್ತದೆ. ಟ್ರೇನಿಂಗ್ ಮುಂಚೆ, ಆಮೇಲೆ ತೂಕ ನೋಡಿಕೊಂಡರೆ ನಿಮ್ಮ ಬೆವರಿನ ಲೆಕ್ಕ ಸಿಗುತ್ತದೆ.

ಸೀಸನ್ ಶುರುವಿಗೆ ಡಾಕ್ಟರ್ ಹತ್ತಿರ ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಬಿ12, ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಕಬ್ಬಿಣಾಂಶ ಕಡಿಮೆ ಇದ್ದು ಸುಸ್ತಾಗುತ್ತಿದ್ದರೆ ಕೆಫೀನ್ ಅದನ್ನು ಮುಚ್ಚಿಡುತ್ತದೆಯೇ ಹೊರತು ಸರಿ ಮಾಡುವುದಿಲ್ಲ. ಮುಟ್ಟಿನಲ್ಲಿ ರಕ್ತ ಹೋಗುವ ಮಹಿಳಾ ಆಟಗಾರರಲ್ಲಿ ಈ ಕೊರತೆ ಜಾಸ್ತಿ. ಹಾಗಂತ ಪರೀಕ್ಷೆ ಇಲ್ಲದೆ ಕಬ್ಬಿಣದ ಮಾತ್ರೆ ಶುರು ಮಾಡಬೇಡಿ, ಹೆಚ್ಚಾದ ಕಬ್ಬಿಣ ದೇಹದಿಂದ ಸುಲಭವಾಗಿ ಹೊರಗೆ ಹೋಗುವುದಿಲ್ಲ.

ಹೆಜ್ಜೆ 3: ಕೆಫೀನ್, ಲೆಕ್ಕ ಹಾಕಿ

ಮಾನಸಿಕ ದಣಿವಿನ ವಿಷಯದಲ್ಲಿ ನಾನು ಭರವಸೆಯಿಂದ ಹೆಸರು ಹೇಳುವ ಸಪ್ಲಿಮೆಂಟ್ ಇದೊಂದೇ. ಉಳಿದವು ಇದರ ಹಿಂದೆ ದೂರದಲ್ಲಿ ನಿಲ್ಲುತ್ತವೆ.

ಕೆಲಸ ಮಾಡುವ ಬಗೆ ಹೀಗೆ. ಎಚ್ಚರವಿದ್ದಷ್ಟು ಹೊತ್ತೂ, ಯೋಚಿಸಿದಷ್ಟೂ ಮಿದುಳಿನಲ್ಲಿ ಅಡೆನೋಸಿನ್ ಅನ್ನುವ ವಸ್ತು ಕೂಡುತ್ತಾ ಹೋಗುತ್ತದೆ. ಅದು ತನ್ನ ಜಾಗದಲ್ಲಿ ಹೋಗಿ ಕೂತಾಗ ಮಂಪರು, 'ಸಾಕಪ್ಪಾ' ಅನ್ನಿಸುವುದು. ಕೆಫೀನ್ ಬಂದು ಆ ಜಾಗದಲ್ಲಿ ತಾನು ಕೂತುಬಿಡುತ್ತದೆ. ಅಡೆನೋಸಿನ್ ಎಲ್ಲಿಗೂ ಹೋಗಿಲ್ಲ, ಬಾಗಿಲ ಹೊರಗೆ ಕಾಯುತ್ತಿದೆ ಅಷ್ಟೆ. ಕೆಫೀನ್ ಎದ್ದು ಹೋದ ಮೇಲೆ ಎಲ್ಲವೂ ಒಟ್ಟಿಗೆ ಒಳಗೆ ಬರುತ್ತದೆ. ಹಾಗಾಗಿ ಇದು ದಣಿವನ್ನು ತೀರಿಸುವುದಿಲ್ಲ, ಮುಂದಕ್ಕೆ ಹಾಕುತ್ತದೆ. ಎಷ್ಟು ಹೊತ್ತಿನ ತನಕ ಮುಂದಕ್ಕೆ ಹಾಕಬೇಕು ಅನ್ನುವುದರ ಮೇಲೆ ಡೋಸ್ ನಿಲ್ಲುತ್ತದೆ.

ಕ್ರೀಡೆಯಲ್ಲಿ ಒಪ್ಪಿತವಾದ ಪ್ರಮಾಣ ಪ್ರತಿ ಕೆಜಿ ತೂಕಕ್ಕೆ 3ರಿಂದ 6 ಮಿಲಿಗ್ರಾಂ. ನನ್ನ ಸಲಹೆ ಕೇಳಿದರೆ 3ಕ್ಕೂ ಕೆಳಗಿನಿಂದ ಶುರು ಮಾಡಿ. 6ರ ಹತ್ತಿರ ಹೋದಾಗ ಕೈ ನಡುಗುವುದು, ಎದೆ ಬಡಿತ, ಹೊಟ್ಟೆ ಕೆಡುವುದು, ಅವಸರದ ಪಾಸ್. ಸ್ಟ್ರೈಕರ್ ಒಬ್ಬನಿಗೆ ಆ ಚುರುಕು ಒಳ್ಳೆಯದೇ ಇರಬಹುದು. ಪೆನಾಲ್ಟಿ ಎದುರಿಸುವ ಗೋಲ್‌ಕೀಪರ್‌ಗೆ ಬೇಕಾಗಿರುವುದು ಬೇರೆಯೇ, ಅಲ್ವಾ?

ಈಗ ಲೆಕ್ಕ. 75 ಕೆಜಿ ತೂಕದ ಆಟಗಾರ, ಪ್ರತಿ ಕೆಜಿಗೆ 3 ಮಿಲಿಗ್ರಾಂ ಅಂದರೆ 225 ಮಿಲಿಗ್ರಾಂ. ಇದರಲ್ಲಿ ಮಧ್ಯಾಹ್ನದಿಂದ ಒಳಗೆ ಹೋದದ್ದನ್ನೂ ಸೇರಿಸಬೇಕು. ಒಂದು ಕಪ್ ಕಾಫಿಯಲ್ಲಿ ಸುಮಾರು 80ರಿಂದ 100 ಮಿಲಿಗ್ರಾಂ, 250 ಮಿಲಿಲೀಟರ್‌ನ ಎನರ್ಜಿ ಡ್ರಿಂಕ್ ಕ್ಯಾನ್‌ನಲ್ಲಿ ಸಾಮಾನ್ಯವಾಗಿ 80. ಕೆಫೀನ್ ಇರುವ ಜೆಲ್‌ಗಳಲ್ಲಿ ಕಂಪನಿಗೊಂದು ಲೆಕ್ಕ, ಲೇಬಲ್ ಓದಿಯೇ ತಿಳಿಯಬೇಕು. ಡ್ರೆಸ್ಸಿಂಗ್ ರೂಮಿನಲ್ಲಿ ಆಗುವುದೇನು ಅಂದರೆ, ಒಂದು ಕಾಫಿ, ಒಂದು ಕ್ಯಾನ್, ಎರಡು ಮಾತ್ರೆ, ಹಾಫ್‌ಟೈಮ್‌ನಲ್ಲಿ ಒಂದು ಜೆಲ್. ಒಂದೊಂದೂ ಚಿಕ್ಕದು. ಕೂಡಿಸಿದರೆ 400 ದಾಟಿರುತ್ತದೆ. ಆರೋಗ್ಯವಾಗಿರುವ ದೊಡ್ಡವರಿಗೆ ಒಂದು ಸಲಕ್ಕೆ 200, ಇಡೀ ದಿನಕ್ಕೆ 400 ಮಿಲಿಗ್ರಾಂ ತನಕ ಚಿಂತೆಯಿಲ್ಲ ಅಂತ 2015ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿತು. ಅದನ್ನು ತಲೆಯಲ್ಲಿಟ್ಟುಕೊಂಡು ಮಾತ್ರೆ ಎಣಿಸಿ.

ಶುದ್ಧ ಕೆಫೀನ್ ಪುಡಿಯ ಹತ್ತಿರವೂ ಹೋಗಬೇಡಿ. ಒಂದು ಟೀ ಚಮಚ ಪುಡಿ ಸುಮಾರು 28 ಕಪ್ ಕಾಫಿಗೆ ಸಮ. ಅಳತೆ ತಪ್ಪಿ ಸತ್ತವರಿದ್ದಾರೆ.

ಸಮಯದ ಮಾತಿಗೆ ಬರೋಣ. ಮಾತ್ರೆ ಅಥವಾ ಕಾಫಿಯ ಕೆಫೀನ್ 30ರಿಂದ 60 ನಿಮಿಷದಲ್ಲಿ ರಕ್ತದಲ್ಲಿ ತುದಿ ಮುಟ್ಟುತ್ತದೆ. ಹಾಗಾಗಿ ಕಿಕ್‌ಆಫ್‌ಗೆ ಒಂದು ಗಂಟೆ ಮುಂಚೆ, ಅಂದರೆ ವಾರ್ಮ್‌ಅಪ್‌ಗೆ ಹೊರಡುವ ಮುಂಚೆ. ಚ್ಯೂಯಿಂಗ್ ಗಮ್ ರೂಪದ್ದು ಬಾಯಿಯ ಒಳಚರ್ಮದಿಂದಲೇ ಹೀರಿಕೊಳ್ಳುವುದರಿಂದ ಬೇಗ ಏರುತ್ತದೆ. ಬೆಂಚ್ ಮೇಲೆ ಕೂತವರಿಗೆ ಗಮ್ ಒಳ್ಳೆಯದು ಅನ್ನುವುದು ಅದಕ್ಕೇ. ಯಾವಾಗ ಇಳಿಸುತ್ತಾರೋ ಗೊತ್ತಿಲ್ಲ, ಇಳಿಸದೆಯೂ ಇರಬಹುದು. ಎಲ್ಲರ ಜೊತೆ ಮಾತ್ರೆ ನುಂಗಿ, 90 ನಿಮಿಷ ಜಾಕೆಟ್ ಹಾಕಿಕೊಂಡು ಕೂತು, ರಾತ್ರಿಯಿಡೀ ಸೀಲಿಂಗ್ ನೋಡುತ್ತಾ ಮಲಗುವುದು ಬೇಕಾ? ಕೋಚ್ ವಾರ್ಮ್‌ಅಪ್ ಮಾಡು ಅಂದಾಗ ಗಮ್ ಬಾಯಿಗೆ ಹಾಕಿದರೆ ಸಾಕು.

ರಾತ್ರಿ ಪಂದ್ಯ ಇದ್ದರೆ ಇನ್ನೊಂದು ಲೆಕ್ಕ. ಕೆಫೀನ್‌ನಲ್ಲಿ ಅರ್ಧ ಖಾಲಿಯಾಗಲು ಸರಾಸರಿ 5 ಗಂಟೆ ಬೇಕು. ಕಿಕ್‌ಆಫ್ ರಾತ್ರಿ 9ಕ್ಕೆ, ನೀವು 8ಕ್ಕೆ 225 ಮಿಲಿಗ್ರಾಂ ತೆಗೆದುಕೊಂಡಿದ್ದೀರಿ ಅನ್ನಿ. ರಾತ್ರಿ 1 ಗಂಟೆಗೆ ಇನ್ನೂ ಸುಮಾರು 112 ಮಿಲಿಗ್ರಾಂ ಉಳಿದಿರುತ್ತದೆ. ಮಲಗುವ ಹೊತ್ತಿಗೆ ಒಂದು ಸ್ಟ್ರಾಂಗ್ ಕಾಫಿ ಕುಡಿದ ಹಾಗಾಯಿತು. ಬೆಳಗ್ಗೆ 6ಕ್ಕೂ ಅರ್ಧ ಕಪ್ ಇದ್ದೇ ಇದೆ. ಮಲಗುವುದಕ್ಕೆ 6 ಗಂಟೆ ಮುಂಚೆ 400 ಮಿಲಿಗ್ರಾಂ ತೆಗೆದುಕೊಂಡರೂ ನಿದ್ದೆ ಒಂದು ಗಂಟೆಗಿಂತ ಜಾಸ್ತಿ ಕಡಿಮೆಯಾಯಿತು ಅಂತ 2013ರ ಒಂದು ಅಧ್ಯಯನ ತೋರಿಸಿದೆ. ಮೂರು ದಿನ ಬಿಟ್ಟು ಮತ್ತೆ ಪಂದ್ಯ ಇದ್ದರೆ ಈ ಕಳೆದ ನಿದ್ದೆಯೇ ಮುಂದಿನ ಪಂದ್ಯದ ಮಾನಸಿಕ ದಣಿವು. ಆಗ ಇನ್ನೊಂದು ಮಾತ್ರೆ ಜಾಸ್ತಿ. ಈ ಸುತ್ತು ಒಮ್ಮೆ ಶುರುವಾದರೆ ನಿದ್ದೆ ಮಾತ್ರೆಯ ಮಾತು ಬರುವ ತನಕ ಯಾರಿಗೂ ಗೊತ್ತಾಗುವುದಿಲ್ಲ.

ಹಾಗಾಗಿ ರಾತ್ರಿ ಪಂದ್ಯಕ್ಕೆ ಅರ್ಧ ಡೋಸ್, ಅಥವಾ ಏನೂ ಬೇಡ. ದೊಡ್ಡ ಡೋಸ್ ಬೇಕೇ ಬೇಕು ಅನ್ನಿಸಿದರೆ ಸೀಸನ್‌ನ ಒಂದೆರಡು ದೊಡ್ಡ ಪಂದ್ಯಕ್ಕೆ ಇಟ್ಟುಕೊಳ್ಳಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಆಟಗಾರ್ತಿಯರಲ್ಲಿ ಕೆಫೀನ್ ಇನ್ನೂ ನಿಧಾನವಾಗಿ ಖಾಲಿಯಾಗುತ್ತದೆ, ಅವರು ಇನ್ನಷ್ಟು ಕಡಿಮೆ ಮಾಡಬೇಕು. ಹೃದಯದ ತೊಂದರೆ, ಆತಂಕದ ತೊಂದರೆ ಇರುವವರು ಡಾಕ್ಟರ್ ಕೇಳದೆ ಮುಟ್ಟಲೇಬಾರದು.

ನಿಯಮದ ಭಯ ಬೇಡ. 2004ರಲ್ಲೇ ಕೆಫೀನ್ ನಿಷೇಧಿತ ಪಟ್ಟಿಯಿಂದ ಹೊರಬಂತು. ಉದ್ದೀಪನ ಮದ್ದು ತಡೆಯುವ ವಿಶ್ವ ಸಂಸ್ಥೆ ವಾಡಾ ಅದರ ಬಳಕೆಯ ಮೇಲೆ ಕಣ್ಣಿಟ್ಟಿದೆ, ಅಷ್ಟೆ.

ಹೆಜ್ಜೆ 4: ಸಕ್ಕರೆ, ನುಂಗಿದರೂ ಸರಿ, ಮುಕ್ಕಳಿಸಿದರೂ ಸರಿ

ಪಂದ್ಯದ ನಡುವೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್. ವಾರ್ಮ್‌ಅಪ್ ಆದ ಮೇಲೆ ಒಂದು ಜೆಲ್, ಹಾಫ್‌ಟೈಮ್‌ನಲ್ಲಿ ಒಂದು, ಜೊತೆಗೆ ಸ್ಪೋರ್ಟ್ಸ್ ಡ್ರಿಂಕ್ ಒಂದಷ್ಟು ಗುಟುಕು. ಸ್ನಾಯುವಿಗೆ ಇದು ಬೇಕು ಅನ್ನುವುದು ಹಳೆಯ ಮಾತು. ಬಾಯಲ್ಲಿ ಕಾರ್ಬೋಹೈಡ್ರೇಟ್ ಇದೆ ಅಂತ ತಿಳಿದರೆ ಸಾಕು, ನುಂಗದಿದ್ದರೂ ಮಿದುಳಿನ ಕೆಲವು ಭಾಗ ಚುರುಕಾಗುತ್ತದೆ ಅನ್ನುವುದು ಆಮೇಲೆ ಗೊತ್ತಾದದ್ದು. ಕೆಫೀನ್ ಮತ್ತು ಮಾಲ್ಟೋಡೆಕ್ಸ್‌ಟ್ರಿನ್ (ಪುಡಿ ರೂಪದ ಒಂದು ಕಾರ್ಬೋಹೈಡ್ರೇಟ್) ಬೆರೆಸಿದ ನೀರು ಮುಕ್ಕಳಿಸಿ ಉಗಿದರೆ ಮಾನಸಿಕ ದಣಿವು ಕಡಿಮೆಯಾಗುತ್ತದೆ ಅಂತ 2018ರಲ್ಲಿ ಜೆರೋನ್ ವ್ಯಾನ್ ಕಟ್ಸೆಮ್ ತಂಡ ತೋರಿಸಿತು. ದ್ವಿತೀಯಾರ್ಧದಲ್ಲಿ ಹೊಟ್ಟೆ ತೊಳೆಸುವವರಿಗೆ ಇದು ಒಳ್ಳೆಯ ದಾರಿ. ಗಾಯದ ಉಪಚಾರಕ್ಕೆ ಆಟ ನಿಂತಾಗ ಬಾಟಲಿ ತೆಗೆದುಕೊಂಡು 5ರಿಂದ 10 ಸೆಕೆಂಡ್ ಬಾಯಲ್ಲಿಟ್ಟು ಉಗಿದರಾಯಿತು. ನುಂಗದೇ ಇರುವುದರಿಂದ ರಾತ್ರಿ ನಿದ್ದೆಗೂ ಅಷ್ಟು ಹೊಡೆತವಿಲ್ಲ.

ಹೆಜ್ಜೆ 5: ಕ್ರಿಯಾಟಿನ್, ತಾಳ್ಮೆ ಇದ್ದರೆ

ಸ್ನಾಯುವಿನ ಹಾಗೆ ಮಿದುಳೂ ಅವಸರದ ಶಕ್ತಿಗೆ ಕ್ರಿಯಾಟಿನ್ ಬಳಸುತ್ತದೆ. ಹಾಗಾಗಿ ಆಸೆ ಸಹಜ. 2002ರಲ್ಲಿ ಜಪಾನಿನಲ್ಲಿ ದಿನಕ್ಕೆ 8 ಗ್ರಾಂನಂತೆ 5 ದಿನ ಕೊಟ್ಟು, ಒಂದೇ ಸಮನೆ ಕೂಡಿಸುವ ಲೆಕ್ಕ ಮಾಡಿಸಿದಾಗ ದಣಿವು ಕಡಿಮೆ ಕಂಡಿತು. 2011ರಲ್ಲಿ ನಿದ್ದೆಗೆಟ್ಟ ರಗ್ಬಿ ಆಟಗಾರರಿಗೆ ಕೊಟ್ಟಾಗ ಅವರ ಪಾಸ್‌ನ ಗುರಿ ಕೆಡಲಿಲ್ಲ. ಆದರೆ ಮಾನಸಿಕ ದಣಿವಿನಿಂದ ಕೆಟ್ಟ ಕಣ್ಣು-ಕೈ ಹೊಂದಾಣಿಕೆಯನ್ನು ಕ್ರಿಯಾಟಿನ್ ಸರಿ ಮಾಡುತ್ತದಾ ಅಂತ 2020ರಲ್ಲಿ ನೇರವಾಗಿಯೇ ಪರೀಕ್ಷಿಸಿದಾಗ, ಮಾಡಲಿಲ್ಲ. ನನ್ನ ಓದು ಹೀಗೆ: ನಿದ್ದೆ ಕೆಟ್ಟಾಗ ಒಂದಿಷ್ಟು ಕೈ ಹಿಡಿಯುತ್ತದೆ, ಮೀಟಿಂಗ್‌ನಿಂದ ತಲೆ ಕೆಟ್ಟಾಗ ಅಷ್ಟಾಗಿ ಇಲ್ಲ. ಸ್ಪ್ರಿಂಟ್‌ಗೆ, ಜಿಮ್‌ಗೆ ಹೇಗೂ ತೆಗೆದುಕೊಳ್ಳುತ್ತಿದ್ದರೆ ಮುಂದುವರಿಸಿ.

ದಿನಕ್ಕೆ 3ರಿಂದ 5 ಗ್ರಾಂ ಕ್ರಿಯಾಟಿನ್ ಮೊನೊಹೈಡ್ರೇಟ್ ಸಾಕು, ಊಟದ ಜೊತೆ, ಯಾವ ಹೊತ್ತಾದರೂ ಸರಿ. ಸ್ನಾಯುವಿನಲ್ಲಿ ಅದು ತುಂಬಲು ಮೂರು ನಾಲ್ಕು ವಾರ ಬೇಕು. ಬೇಗ ಬೇಕು ಅನ್ನುವವರು 5ರಿಂದ 7 ದಿನ ದಿನಕ್ಕೆ 20 ಗ್ರಾಂ ನಾಲ್ಕು ಭಾಗ ಮಾಡಿ ತೆಗೆದುಕೊಳ್ಳುತ್ತಾರೆ, ಆಗ ನೀರು ಹಿಡಿದು ತೂಕ ಒಂದೆರಡು ಕೆಜಿ ಏರಬಹುದು. ಸೀಸನ್ ನಡುವೆ ಹಾಗೆ ಮಾಡಬೇಡಿ. ಮಾಂಸ, ಮೀನು ತಿನ್ನದವರ ಸ್ನಾಯುವಿನಲ್ಲಿ ಕ್ರಿಯಾಟಿನ್ ಮೊದಲೇ ಕಡಿಮೆ ಇರುತ್ತದೆ, ಅವರಿಗೆ ವ್ಯತ್ಯಾಸ ಜಾಸ್ತಿ ಕಾಣಬಹುದು.

ಉಳಿದ ಡಬ್ಬಿಗಳು

ಟೈರೋಸಿನ್ ಅನ್ನುವುದು ಮಿದುಳಿನ ಸಂದೇಶವಾಹಕ ಡೋಪಮಿನ್ ತಯಾರಿಸಲು ಬೇಕಾದ ಕಚ್ಚಾ ವಸ್ತು. ಚಳಿ, ನಿದ್ದೆಗೇಡು ಇಂಥ ಕಷ್ಟದಲ್ಲಿ ಕೆಲಸ ಮಾಡಿದ ಉದಾಹರಣೆಗಳಿವೆ, ಫುಟ್‌ಬಾಲ್‌ಗೆ ಅಂತ ಕೊಳ್ಳುವಷ್ಟು ಬಲ ನನಗೆ ಕಾಣಲಿಲ್ಲ. ಕೆಫೀನ್ ತೆಗೆದುಕೊಂಡರೆ ಮೈ ನಡುಗುವವರು ಅದರ ಜೊತೆ ಚಹಾ ಎಲೆಯಲ್ಲಿರುವ ಥಿಯಾನಿನ್ 200 ಮಿಲಿಗ್ರಾಂ ಪ್ರಯತ್ನಿಸಬಹುದು. ಗೌರಾನಾ ಅಂತ ಲೇಬಲ್ ಮೇಲೆ ಇದ್ದರೆ ಅದೂ ಕೆಫೀನೇ, ಬೇರೆ ಹೆಸರಿನಲ್ಲಿ. ಬೀಟ್‌ರೂಟ್ ಶಾಟ್ ಓಟಕ್ಕೆ, ತಲೆಗೆ ಅಲ್ಲ. ಒಮೆಗಾ-3 ಆರೋಗ್ಯಕ್ಕೆ ಸರಿ, ಶನಿವಾರದ ಪಂದ್ಯಕ್ಕೆ ಶುಕ್ರವಾರ ನುಂಗಿದರೆ ಏನೂ ಆಗುವುದಿಲ್ಲ. ಜಿನ್ಸೆಂಗ್, ರೋಡಿಯೋಲಾ ಮತ್ತು 'ನೂಟ್ರೋಪಿಕ್' (ತಲೆ ಚುರುಕು ಮಾಡುವಂಥದ್ದು) ಅಂತ ಬರೆದ ಯಾವುದೇ ಹೊಳೆಯುವ ಡಬ್ಬಿಯ ಮುಂದೆ ನಿಂತಾಗ ಮುಂದಿನ ಹೆಜ್ಜೆ ನೆನಪಿಸಿಕೊಳ್ಳಿ.

ಹೆಜ್ಜೆ 6: ಲೇಬಲ್ ಓದಿ, ಬ್ಯಾಚ್ ನಂಬರ್ ಹುಡುಕಿ

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ (ಐಒಸಿ) ನೆರವಿನಿಂದ 2000-2001ರಲ್ಲಿ 13 ದೇಶಗಳಿಂದ 634 ಸಪ್ಲಿಮೆಂಟ್ ಕೊಂಡು ಪರೀಕ್ಷೆ ಮಾಡಿದರು. 94ರಲ್ಲಿ ಲೇಬಲ್ ಮೇಲೆ ಬರೆಯದ ಹಾರ್ಮೋನು ಸಂಬಂಧಿ ವಸ್ತುಗಳಿದ್ದವು. ಅಂದರೆ ಸುಮಾರು ಏಳಕ್ಕೊಂದು. 'ನನಗೆ ಗೊತ್ತಿರಲಿಲ್ಲ' ಅಂದರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ, ದೇಹದಲ್ಲಿ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ. ಮ್ಯಾಂಚೆಸ್ಟರ್ ಸಿಟಿಯ ಡಿಫೆಂಡರ್ ಆಗಿದ್ದ ಕೋಲೋ ಟೂರೆ 2011ರಲ್ಲಿ ತೂಕ ಇಳಿಸಲು ಹೆಂಡತಿಯ ಮಾತ್ರೆ ತೆಗೆದುಕೊಂಡು ಸಿಕ್ಕಿಬಿದ್ದರು. ಮೋಸ ಮಾಡುವ ಉದ್ದೇಶ ಇರಲಿಲ್ಲ ಅಂತ ಒಪ್ಪಿದರೂ ಆರು ತಿಂಗಳು ಹೊರಗೆ ಕೂರಿಸಿದರು. ಲಿವರ್‌ಪೂಲ್ ಡಿಫೆಂಡರ್ ಆಗಿದ್ದ ಮಾಮಡೂ ಸಾಖೋ ಕತೆ ಇನ್ನೂ ನೋವಿನದು. 2016ರಲ್ಲಿ ಫ್ಯಾಟ್ ಬರ್ನರ್‌ನಲ್ಲಿದ್ದ ಹಿಜೆನಮಿನ್ ಅನ್ನುವ ವಸ್ತು ಅವರ ದೇಹದಲ್ಲಿ ಸಿಕ್ಕಿತು, ಅಮಾನತಾಯಿತು, ಯೂರೋಪಾ ಲೀಗ್ ಫೈನಲ್ ಕೈತಪ್ಪಿತು. ಆಮೇಲೆ ಯುಇಎಫ್‌ಎ ಪ್ರಕರಣ ಕೈಬಿಟ್ಟಿತು, 2020ರಲ್ಲಿ ವಾಡಾ ಕ್ಷಮೆಯನ್ನೂ ಕೇಳಿತು. ಫೈನಲ್ ಮಾತ್ರ ವಾಪಸು ಬರಲಿಲ್ಲ.

ಡಬ್ಬಿ ಕೈಗೆ ಬಂದಾಗ ಹಿಂಬದಿ ತಿರುಗಿಸಿ. 'ಪ್ರೊಪ್ರೈಟರಿ ಬ್ಲೆಂಡ್' ಅಂತ ಒಂದೇ ಒಟ್ಟು ತೂಕ ಕೊಟ್ಟು, ಒಳಗೆ ಯಾವುದು ಎಷ್ಟು ಅಂತ ಹೇಳದಿದ್ದರೆ ಕೆಳಗಿಡಿ. ನಿಷೇಧಿತ ವಸ್ತುಗಳಿಗಾಗಿ ಪರೀಕ್ಷೆ ಆಗಿದೆ ಅಂತ ಹೇಳುವ ಇನ್‌ಫಾರ್ಮ್ಡ್ ಸ್ಪೋರ್ಟ್ ಅಥವಾ ಎನ್‌ಎಸ್‌ಎಫ್ ಸರ್ಟಿಫೈಡ್ ಫಾರ್ ಸ್ಪೋರ್ಟ್ ಗುರುತು ಇದ್ದರೆ ಅಲ್ಲಿಗೇ ನಿಲ್ಲಬೇಡಿ. ಡಬ್ಬಿಯ ತಳದಲ್ಲಿರುವ ಬ್ಯಾಚ್ ನಂಬರನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ನೋಡಿ. ಸಿಕ್ಕರೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಡಬ್ಬಿಯ ಫೋಟೋ ತೆಗೆಯಿರಿ, ಕ್ಲಬ್ ಡಾಕ್ಟರ್‌ಗೆ ಕಳಿಸಿ. ಎರಡು ನಿಮಿಷದ ಕೆಲಸ. ಎಚ್ಚರವಾಗಿಡುತ್ತೆ ಅಂತ ಯಾರಾದರೂ ಮೊಡಾಫಿನಿಲ್ ಅನ್ನುವ ಔಷಧಿ ಕೊಟ್ಟರೆ ತೆಗೆದುಕೊಳ್ಳಬೇಡಿ, ಅದು ಪಂದ್ಯದ ಕಾಲಕ್ಕೆ ನಿಷೇಧಿತ. ಆ ಕಾಲ ಶುರುವಾಗುವುದು ಕಿಕ್‌ಆಫ್‌ಗಲ್ಲ, ಹಿಂದಿನ ರಾತ್ರಿ 11:59ಕ್ಕೆ.

ಹೆಜ್ಜೆ 7: ಮೊದಲು ಟ್ರೇನಿಂಗ್‌ನಲ್ಲಿ, ಒಂದು ಸಲಕ್ಕೆ ಒಂದೇ

ಹೊಸದನ್ನು ಪಂದ್ಯದ ದಿನ ಶುರು ಮಾಡಬೇಡಿ. ಪಂದ್ಯದ ಹೊತ್ತಿಗೇ ನಡೆಯುವ ಒಂದು ಗಟ್ಟಿ ಟ್ರೇನಿಂಗ್ ಆರಿಸಿ, ಸಣ್ಣ ಮೈದಾನದ ಆಟ ಇರುವ ದಿನವಾದರೆ ಒಳ್ಳೆಯದು. ಒಂದು ದಿನ ಕೆಫೀನ್, ಇನ್ನೊಂದು ದಿನ ನೋಡಲು ಹಾಗೇ ಇರುವ ಖಾಲಿ ಕ್ಯಾಪ್ಸೂಲ್. ಯಾವುದು ಯಾವುದು ಅಂತ ಫಿಸಿಯೋಗೆ ಮಾತ್ರ ಗೊತ್ತಿರಲಿ. ಇದು ಸ್ವಲ್ಪ ನಾಟಕ ಅನ್ನಿಸಬಹುದು. ಆದರೆ ಮಾತ್ರೆ ತೆಗೆದುಕೊಂಡೆ ಅನ್ನುವ ನಂಬಿಕೆಯೇ ಅರ್ಧ ಕೆಲಸ ಮಾಡಿಬಿಡುತ್ತದೆ, ಅದನ್ನು ಬೇರೆ ಮಾಡಲು ಬೇರೆ ದಾರಿಯಿಲ್ಲ. ಎರಡೂ ದಿನ ಆಟ ಮುಗಿದ ಮೇಲೆ ಗೆರೆಯ ಮೇಲೆ ಗುರುತು, ಆ ರಾತ್ರಿಯ ನಿದ್ದೆ, ಮರುದಿನ ಬೆಳಗಿನ ಗುರುತು. ಅಸಿಸ್ಟೆಂಟ್ ಕೋಚ್ ಹತ್ತಿರ ಕೊನೆಯ 15 ನಿಮಿಷದಲ್ಲಿ ಎಷ್ಟು ಪಾಸ್ ತಪ್ಪಿತು ಅಂತ ಎಣಿಸಿಸಿ. ಇದನ್ನೇ ಎರಡು ಮೂರು ಸಲ ಮಾಡಿ.

ಕೆಫೀನ್ ದಿನ ತಪ್ಪು ಪಾಸ್ ಕಡಿಮೆಯಾಗಿ, ಮರುದಿನ ಬೆಳಗಿನ ಗುರುತು ಬಲಕ್ಕೆ ಸರಿಯದಿದ್ದರೆ ಅದು ನಿಮ್ಮ ಡೋಸ್. ಪಾಸ್ ಸರಿಹೋಗಿ ಬೆಳಗಿನ ಗುರುತು ಬಲಕ್ಕೆ ಜಾರಿದರೆ 75 ಮಿಲಿಗ್ರಾಂ ಇಳಿಸಿ ಮತ್ತೆ ನೋಡಿ. ಎರಡೂ ಅಲ್ಲಾಡದಿದ್ದರೆ ಆ ಮಾತ್ರೆ ನಿಮಗಲ್ಲ, ಮುಂದಿನ ವಾರ ಮುಕ್ಕಳಿಸುವ ನೀರಿನಿಂದ ಶುರು ಮಾಡಿ.